ಗಾಣದ ಬೀದಿಗೆ ದಿಂಬು

ಗಾಡಿಗಳ ಓಟಕ್ಕೆ ಅಡ್ಡವಾಗಿ ಬೀದಿಗೆ ದಿಂಬು ಹಾಕಿಸುವುದೆಂದರೆ ಹುಡುಗಾಟವಲ್ಲ. ನಮ್ಮೂರಿನಲ್ಲಿ ಹೆಣ್ಣು ಕೊಡುವವರು ಗಂಡಿನ ಮುಖ ನೋಡುವ ಮೊದಲು ಅವನ ಬೀದಿ ನೋಡಿಕೊಂಡು ಬರುತ್ತಾರೆ. ಗಾಡಿಗಳು ಜೋರಾಗಿ ಓಡುವ ಬೀದಿಯಲ್ಲಿ ಹೊತ್ತೂ ಜೋರಾಗಿ ಓಡುತ್ತದೆ. ಗಾಡಿಗಳು ನಿಧಾನವಾಗಿ ಹೋಗುವ ಬೀದಿಯಲ್ಲಿ ಹೊತ್ತೂ ತುಂಬು ಬಸುರಿಯ ಹಾಗೆ ಹೆಜ್ಜೆ ಇಡುತ್ತದೆ. ಯಾಕೆ ಹೀಗೆ ಅಂತ ಹೊರಗಿನವರು ಕೇಳಿದರೆ, ನಿಮ್ಮೂರಲ್ಲಿ ಹಾಗಿಲ್ಲವಾ ಅಂತ ನಾವು ತಿರುಗಿ ಕೇಳುತ್ತೇವೆ.

ಪೇಟೆಬೀದಿಯವನೊಬ್ಬ ಕ್ಷೌರಕ್ಕೆ ಕೂತರೆ, ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಎಡಗೆನ್ನೆಯಲ್ಲಿ ಮತ್ತೆ ಕುರುಚಲು ಮೊಳೆತಿರುತ್ತಿತ್ತು. ಹಬ್ಬದ ಬೆಳಿಗ್ಗೆ ಮಗಳಿಗೆ ಉಡಿಸಿದ ಉದ್ದಲಂಗ ಹೋಳಿಗೆ ಬೇಯುವ ಹೊತ್ತಿಗೆ ಮೊಣಕಾಲಿಗೆ ಬರುತ್ತಿತ್ತು. ಮಲ್ಲಿಗೆ ಮಾರುವವಳು ಆ ಬೀದಿಗೆ ಕಾಲೇ ಇಡುತ್ತಿರಲಿಲ್ಲ. ಅದೇ ಒನಕೆ ಓಣಿಗೆ ಹೋಗಿ. ಅಲ್ಲಿ ನಮ್ಮಪ್ಪನ ಕಾಲದಲ್ಲೇ ದಿಂಬು ಬಿದ್ದಿತ್ತು. ದಾರ ಕಡಿದ ಗಾಳಿಪಟವೊಂದು ಯುಗಾದಿಯಿಂದ ಇಳಿಯುತ್ತಾ ಇಳಿಯುತ್ತಾ ಇನ್ನೂ ತೆಂಗಿನ ಗರಿಯ ಮೇಲೇ ಇರುತ್ತಿತ್ತು. ಊದುಬತ್ತಿಯ ಹೊಗೆ ದಾರದ ಹಾಗೆ ನಿಂತುಬಿಟ್ಟಿರುತ್ತಿತ್ತು, ಮಕ್ಕಳು ಅದಕ್ಕೆ ಗಂಟು ಹಾಕುತ್ತಿದ್ದರು. ವಾರಗಿತ್ತಿಯರಿಬ್ಬರು ಜಗಳಕ್ಕೆ ನಿಂತರೆ ಒಬ್ಬಳ ಬೈಗುಳಕ್ಕೆ ಇನ್ನೊಬ್ಬಳ ಉತ್ತರ ಬರುವುದು ಮುಂದಿನ ವಾರ. ಅಷ್ಟರಲ್ಲಿ ಮೊದಲನೆಯವಳಿಗೆ ತಾನೇನು ಬೈದೆ ಅನ್ನುವುದೇ ಮರೆತು ಇಬ್ಬರೂ ಸೇರಿ ಸಂಡಿಗೆ ಇಡುತ್ತಿದ್ದರು. ಒಂದು ಮಾತು ನೆನಪಿರಲಿ. ಬೀದಿಯ ಹೊತ್ತು ಬೀದಿಯವರಿಗೆ ಮಾತ್ರ. ಬಂದುಹೋಗುವವರಿಗೆ ಅದು ಅಂಟುವುದಿಲ್ಲ.

ದಿಂಬು ಹೊಲಿಯುವವನು ಹಾಸಿಗೆ ಅಂಗಡಿಯ ಮಸ್ತಾನ್. ಗೋಣಿತಾಟಿಗೆ ಹಳೇ ಟೈರಿನ ಚೂರು ತುಂಬಿ, ದಬ್ಬಳದಲ್ಲಿ ಹೊಲಿದು, ಮೇಲೆ ಟಾರು ಕುಡಿಸಿ, ರಸ್ತೆಗೆ ಮೊಳೆ ಹೊಡೆದು ಕೂರಿಸುತ್ತಿದ್ದ. ಅದರ ಮುಂದೆ ಎಂಥಾ ಗಾಡಿಯೂ ತಲೆ ತಗ್ಗಿಸಿ, ಹತ್ತಿ, ಇಳಿದು, ಮೆಲ್ಲಗೆ ಹೋಗಬೇಕು. ಯಾವ ಬೀದಿಗೆ ದಿಂಬು ಬೇಕು, ಯಾವುದಕ್ಕೆ ಬೇಡ ಅಂತ ಹೇಳುವುದಕ್ಕೆ ಮೂವರ ಪಂಚಾಯ್ತಿ. ಸೂಲಗಿತ್ತಿ ಜುಲೇಖಾಬಿ ಒಬ್ಬಳು. ಅವಸರ ಮಾಡುವುದು ಯಾವಾಗ, ಕಾಯುವುದು ಯಾವಾಗ ಅಂತ ಅವಳಿಗಿಂತ ಬಲ್ಲವರು ಊರಲ್ಲಿರಲಿಲ್ಲ. ರಿಟೈರಾದ ಪೋಸ್ಟ್ ಮಾಸ್ತರ್ ಶ್ರೀಕಂಠಯ್ಯ ಇನ್ನೊಬ್ಬರು. ಅವರು ಕಾನೂನಿನ ಹೊಟ್ಟೆಯಲ್ಲಿ ಹುಟ್ಟಿದವರು. ಮೂರನೆಯವನು ನಾನು, ಕಂಡಕ್ಟರ್ ಸೀಬಯ್ಯ. ನನ್ನನ್ನು ಯಾಕೆ ಸೇರಿಸಿದರೋ ತಿಳಿಯದು. ಊರಿನ ಎಲ್ಲಾ ಬೀದಿಯವರ ಹತ್ತಿರವೂ ಬೈಸಿಕೊಂಡವನು ನಾನೊಬ್ಬನೇ ಅಂತ ಇರಬೇಕು.

ಪರೀಕ್ಷೆ ನಮ್ಮ ಅಜ್ಜಂದಿರ ಕಾಲದ್ದು. ಬೀದಿಯ ನಡುಮಧ್ಯದ ಮನೆಯ ಜಗಲಿಯ ಮೇಲೆ ಬೋಗುಣಿಯಲ್ಲಿ ಬೆಚ್ಚಗಿನ ಹಾಲು ಇಡಬೇಕು. ಜುಲೇಖಾಬಿ ಬೆರಳ ತುದಿಯಿಂದ ಅದಕ್ಕೆ ಹೆಪ್ಪು ಬಿಡಬೇಕು. ನಾವು ಮೂವರೂ ಎಲೆಅಡಿಕೆ ಹಾಕಿಕೊಂಡು ಕೂರಬೇಕು. ಬಾಯಿಯ ರಸ ಮುಗಿಯುವುದರೊಳಗೆ ಹಾಲು ಮೊಸರಾದರೆ ಆ ಬೀದಿಯಲ್ಲಿ ಹೊತ್ತು ಹುಚ್ಚುಕುದುರೆಯಾಗಿದೆ ಅಂತ ಅರ್ಥ, ದಿಂಬು ಮಂಜೂರು. ಹಾಲು ಹಾಲಾಗೇ ಇದ್ದರೆ ಉಗುಳಿ ಎದ್ದು ಬರಬೇಕು. ಜನ ಏನೇನು ನೆಪ ಹೇಳಿಕೊಂಡು ಬರುತ್ತಿದ್ದರು ಅಂದರೆ ನಗು ಬರುತ್ತದೆ. ತೊಟ್ಟಿಲಲ್ಲಿರುವುದೇ ಕಡೆಯ ಕೂಸು, ಅದು ಇನ್ನಷ್ಟು ದಿನ ಕೂಸಾಗೇ ಇರಲಿ ಅನ್ನುವವಳು ಒಬ್ಬಳು. ಬುಟ್ಟಿ ತುಂಬ ಮಾವಿನಹಣ್ಣು ತಂದಿಟ್ಟುಕೊಂಡು ಇವತ್ತೇ ದಿಂಬು ಹಾಕಿ ಅನ್ನುವವನು ಒಬ್ಬ. ಇನ್ನೊಂದು ಬೀದಿಯವರು ದಿಂಬು ಕಿತ್ತುಹಾಕಿ ಅಂತ ಗೋಗರೆದರು. ಊಟಕ್ಕೆ ಬಂದು ಬೀದಿಯಲ್ಲೇ ಬಿಡಾರ ಹೂಡಿದ ಬೀಗರು ಎಲೆಯ ಮುಂದಿನಿಂದ ಎದ್ದಿರಲಿಲ್ಲವಂತೆ.

ಗಾಣದ ಬೀದಿಯದು ಬೇರೆ ಕಥೆ. ಅದು ನನ್ನ ಡ್ರೈವರ್ ದೇವೀರನ ಬೀದಿ.

ನಾನೂ ದೇವೀರನೂ ಒಂದೇ ಬಸ್ಸಿನಲ್ಲಿ ಮುದುಕರಾದವರು. ಅವನು ಹಲ್ಲು ಕಚ್ಚಿ ಬಸ್ಸು ಓಡಿಸುತ್ತಿದ್ದ. ಗಾಣದ ಬೀದಿ ನಮ್ಮ ರೂಟಿನಲ್ಲೇ ಇರಲಿಲ್ಲ, ಆದರೂ ದಿನಕ್ಕೊಂದು ಸಲ ಬಸ್ಸನ್ನು ಆ ಕಡೆ ತಿರುಗಿಸುತ್ತಿದ್ದ. ಪ್ಯಾಸೆಂಜರುಗಳು ಗೊಣಗಿದರೆ ಇಳಿದು ನಡ್ಕೊಂಡು ಹೋಗಿ ಅನ್ನುತ್ತಿದ್ದ. ಅವನ ಮನೆ ಗೇಟಿನ ಹತ್ತಿರ ಬಸ್ಸು ನಿಲ್ಲುತ್ತಿತ್ತು. ಹೆಂಡತಿ ಮುದ್ದಮ್ಮ ಒಂದು ಲೋಟ ಮಜ್ಜಿಗೆ ಹಿಡಿದು ನಿಂತಿರುತ್ತಿದ್ದಳು. ಅವನು ಸೀಟಿನಿಂದ ಇಳಿಯುತ್ತಲೂ ಇರಲಿಲ್ಲ, ಇಂಜಿನ್ ಆರಿಸುತ್ತಲೂ ಇರಲಿಲ್ಲ. ಕಿಟಕಿಯಿಂದ ಕೈ ಚಾಚಿ ಲೋಟ ತೆಗೆದುಕೊಂಡು ಗಟಗಟ ಕುಡಿದು ವಾಪಸ್ಸು ಕೊಡುತ್ತಿದ್ದ. ಆಮೇಲೆ ಸುಮ್ಮನೆ ಕೂತಿರುತ್ತಿದ್ದ. ಊರಿಗೆಲ್ಲ ರೈಟ್ ಹೇಳುವವನು ನಾನು, ಆದರೆ ಆ ಗೇಟಿನಲ್ಲಿ ನನ್ನ ರೈಟಿಗೆ ಬಸ್ಸು ಅಲುಗುತ್ತಿರಲಿಲ್ಲ. ಮುದ್ದಮ್ಮ ಬಸ್ಸಿನ ತಗಡಿಗೆ ಕೈ ತಟ್ಟಿ "ರೈಟ್" ಅನ್ನಬೇಕು. ಅಂದಳೋ, ಹೊರಟ. ಧೂಳೆಬ್ಬಿಸಿಕೊಂಡು, ಕೋಳಿಗಳನ್ನು ಹಾರಿಸಿಕೊಂಡು ಅವನು ಹೋದಾಗಲೆಲ್ಲ ಅವಳ ತಲೆಯಲ್ಲಿ ಒಂದು ಕೂದಲು ಬೆಳ್ಳಗಾಗುತ್ತಿತ್ತು. ಅವನು ರಸ್ತೆಯವನು, ರಾತ್ರಿ ಮಲಗುವುದೂ ಬಸ್ಸಿನಲ್ಲೇ. ಅವಳು ಬೀದಿಯವಳು. ಅವನ ಮೀಸೆ ಕಪ್ಪಗಿರುವಾಗಲೇ ಅವಳ ತಲೆ ನರೆತುಹೋಗಿತ್ತು. ನೋಡಿದವರು ತಾಯಿ ಅಂದುಕೊಳ್ಳುತ್ತಿದ್ದರು. ಅವಳು ಅದಕ್ಕೂ ನಗುತ್ತಿದ್ದಳು.

ಆಮೇಲೆ ದೇವೀರನ ಎದೆ ಕೆಟ್ಟಿತು. ಕೆಮ್ಮು ಶುರುವಾಗಿ, ಸ್ಟೀರಿಂಗ್ ಹಿಡಿಯುವುದಕ್ಕೆ ಆಗದೆ ಮನೆಯಲ್ಲಿ ಮಲಗಿದ. ಬಸ್ಸು ಬೇರೆಯವನ ಕೈಗೆ ಹೋಯಿತು, ಗಾಣದ ಬೀದಿಗೆ ಬರುವುದೂ ನಿಂತಿತು. ಆದರೆ ಅದೇ ವರ್ಷ ಹೊಸ ತರಕಾರಿ ಮಂಡಿ ಶುರುವಾಗಿ, ಟೆಂಪೋಗಳು ಆಟೋಗಳು ಎಲ್ಲಾ ಅದೇ ಬೀದಿಯನ್ನು ಅಡ್ಡದಾರಿ ಮಾಡಿಕೊಂಡವು. ಹಗಲೆಲ್ಲಾ ರೊಯ್ಯ ರೊಯ್ಯ. ಹೊತ್ತು ಕಿತ್ತುಕೊಂಡು ಓಡುತ್ತಿತ್ತು. ಅಷ್ಟು ವರ್ಷ ರಸ್ತೆಯಲ್ಲಿ ತಪ್ಪಿಸಿಕೊಂಡಿದ್ದ ದೇವೀರ ಈಗ ಬೀದಿಯವನಾಗಿದ್ದ. ಬೀದಿ ಅವನನ್ನು ಬಿಡಲಿಲ್ಲ. ಮೀಸೆ ಒಂದೇ ತಿಂಗಳಲ್ಲಿ ಬೆಳ್ಳಗಾಯಿತು. ಟೆಂಪೋಗಳು ಹೀಗೇ ಓಡಿದರೆ ಶ್ರಾವಣ ನೋಡುವುದು ಕಷ್ಟ ಅಂತ ಡಾಕ್ಟರು ಅಂದರಂತೆ.

ಮುದ್ದಮ್ಮ ನನ್ನ ಮನೆಗೆ ಬಂದಳು. ಕೂರು ಅಂದರೂ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಳು.

"ಸೀಬಣ್ಣ, ನಮ್ಮ ಬೀದಿಗೆ ದಿಂಬು ಹಾಕ್ಸಿ."

ಪರೀಕ್ಷೆ ಆಗಬೇಕಲ್ಲಮ್ಮ, ನನ್ನ ಒಬ್ಬನ ಕೈಲಿಲ್ಲ ಅಂದೆ.

"ನೀನು ನೋಡಿದ್ದೀಯಲ್ಲಣ್ಣ. ಅವ್ರು ನನ್ನ ಕಣ್ಮುಂದೆ ಇದ್ದದ್ದು ಎಷ್ಟೊತ್ತು? ಒಂದ್ಲೋಟ ಮಜ್ಜಿಗೆ ಕುಡಿಯೋವಷ್ಟೊತ್ತು. ಅಷ್ಟೇ ನನ್ನ ಸಂಸಾರ. ಈಗ ಬಂದು ಮನೇಲಿ ಮಲಗವ್ರೆ. ಈಗ ಮಾತಾಡಾಕೆ ಶುರು ಮಾಡವ್ರೆ. ಒಂದು ಮಾತು ಅರ್ಧ ಆಗೋದ್ರೊಳಗೆ ಕತ್ಲಾಯ್ತದೆ."

ನಾಳೆಯೇ ಬರುತ್ತೇವೆ ಅಂದೆ.

ಮಾರನೇ ದಿನ ಮೂವರೂ ಹೋಗಿ ಜಗಲಿಯ ಮೇಲೆ ಕೂತೆವು. ಬೀದಿಯ ನಡುಮಧ್ಯದ ಮನೆ ಅವರದೇ. ಹಾಲು ನಾನೇ ಬೆಚ್ಚಗೆ ಮಾಡಿ ತರ್ತೀನಿ ಅಂತ ಮುದ್ದಮ್ಮ ಒಳಗೆ ಹೋದಳು. ತಂದಿಟ್ಟಳು. ಜುಲೇಖಾಬಿ ಹೆಪ್ಪು ಬಿಟ್ಟಳು. ನಾನಿನ್ನೂ ಎಲೆಗೆ ಸುಣ್ಣ ಸವರುತ್ತಿದ್ದೆ, ಅಷ್ಟರಲ್ಲಿ ಆಯ್ತು ನೋಡಿ ಆಯ್ತು ನೋಡಿ ಅಂತ ಮುದ್ದಮ್ಮ ಬೋಗುಣಿ ಎತ್ತಿ ತೋರಿಸಿದಳು. ಶ್ರೀಕಂಠಯ್ಯ ಕಾನೂನಿನ ಪ್ರಕಾರ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹುಳಿ ಜಾಸ್ತಿ, ಆದರೂ ಮೊಸರೇ ಅಂದರು. ಅಂದವರು ಕೆನ್ನೆಯಲ್ಲಿ ಏನೋ ಹುಡುಕಿ, ನಾಲಿಗೆ ತುದಿಗೆ ತಂದು, ಅಂಗೈ ಮೇಲೆ ಉಗುಳಿಕೊಂಡರು. ನಿಂಬೆಹಣ್ಣಿನ ಬೀಜ.

ಒಡೆದ ಹಾಲಿಗೂ ಹೆಪ್ಪುಗೂಡಿದ ಮೊಸರಿಗೂ ವ್ಯತ್ಯಾಸ ತಿಳಿಯದವರು ನಾವಲ್ಲ, ಶ್ರೀಕಂಠಯ್ಯನವರೊಬ್ಬರನ್ನು ಬಿಟ್ಟರೆ. ಮುದ್ದಮ್ಮ ಬೋಗುಣಿ ಹಿಡಿದುಕೊಂಡೇ ನಿಂತಿದ್ದಳು. ಜುಲೇಖಾಬಿ ಎದ್ದು ಅವಳ ಕೈಯಿಂದ ಅದನ್ನು ತೆಗೆದುಕೊಂಡು, "ಇದಕ್ಕೆ ಸಕ್ಕರೆ ಹಾಕಿ ಕಾಯಿಸಿದ್ರೆ ಗಿಣ್ಣದ ಥರ ಆಗ್ತದೆ, ಬಾರವ್ವ" ಅಂತ ಒಳಗೆ ಕರೆದುಕೊಂಡು ಹೋದಳು.

ಆಗ ಒಳಕೋಣೆಯಿಂದ ದೇವೀರ ನನ್ನನ್ನು ಕೂಗಿದ. ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಕಾಲುಗಳು ಆಗಾಗ ಅಲುಗುತ್ತಿದ್ದವು. ಕ್ಲಚ್ಚು ಒತ್ತುವ ಅಭ್ಯಾಸ, ಬಿಟ್ಟಿರಲಿಲ್ಲ.

"ಸೀಬ, ದಿಂಬು ಬೇಡ ಅನ್ನು."

ಯಾಕೋ ಅಂದೆ.

"ಸಾಕಾಗ್ಯದೆ ಕಣೋ. ಸ್ಟಾಪಿನಲ್ಲಿ ಇಂಜಿನ್ ಆರಿಸ್ದೆ ನಿಂತಂಗೆ ಆಗ್ಯದೆ. ಇಡೀ ಗಾಡಿ ಅದುರ್ತದೆ, ಮುಂದಕ್ಕೆ ಹೋಗಂಗಿಲ್ಲ. ಅವಳು ರೈಟ್ ಅನ್ನಲ್ಲ, ನಾನು ಬಿಡಂಗಿಲ್ಲ."

ಅವಳಿಗೇ ಹೇಳು ಅಂದೆ. ಅವನು ಗೋಡೆ ಕಡೆ ತಿರುಗಿದ. ಹೇಳಬಹುದಾಗಿದ್ದರೆ ಇಷ್ಟು ವರ್ಷದಲ್ಲಿ ಎಷ್ಟೋ ಹೇಳುತ್ತಿದ್ದ, ಪಾಪ.

ಕಾನೂನು ಕಾನೂನೇ ಅಂತ ಶ್ರೀಕಂಠಯ್ಯ ಮತ್ತೊಮ್ಮೆ ಪರೀಕ್ಷೆ ಇಡಿಸಿದರು. ಈ ಸಲ ಹಾಲನ್ನು ತಮ್ಮ ಮನೆಯಿಂದಲೇ ತಂದರು. ಎಲೆಯ ರಸ ಬಾಯಿತುಂಬ ಇರುವಾಗಲೇ ಹಾಲು ಗಟ್ಟಿಯಾಯಿತು. ಬೋಗುಣಿ ಓರೆ ಮಾಡಿದರೂ ಅಲುಗಲಿಲ್ಲ. ಮುದ್ದಮ್ಮ ನಿಂಬೆಹಣ್ಣು ಹಿಂಡುವ ಅಗತ್ಯವೇ ಇರಲಿಲ್ಲ. ಆದರೆ ಅವಳನ್ನು ಬೈದು ಪ್ರಯೋಜನವಿಲ್ಲ. ತನ್ನ ಬೀದಿಯ ಹೊತ್ತಿನ ಮೇಲೆ ನಂಬಿಕೆ ಕಳೆದುಕೊಂಡ ಹೆಂಗಸು ಇನ್ನೇನು ಮಾಡಿಯಾಳು?

ಪಂಚಾಯ್ತಿ ಕೂತಿತು. ಮೊಸರಾಗಿದೆ, ಮಂಜೂರು ಮಾಡಲೇಬೇಕು ಅಂತ ಶ್ರೀಕಂಠಯ್ಯ. ಬೇಡ ಅಂದವಳು ಜುಲೇಖಾಬಿ. ಅವಳು ದೇವೀರನ ಉಸಿರಾಟ ಕೇಳಿಸಿಕೊಂಡು ಬಂದಿದ್ದಳು. ಬರುವ ಕೂಸನ್ನು ಹೊಟ್ಟೆಯಲ್ಲೇ ತಡೆದು ಹಿಡಿದರೆ ತಾಯಿಗೂ ಕೂಸಿಗೂ ಇಬ್ಬರಿಗೂ ಕಷ್ಟ, ಹೋಗುವ ಜೀವದ ವಿಷಯವೂ ಅಷ್ಟೇ, ಅಂದಳು. ಇಬ್ಬರೂ ನನ್ನ ಮುಖ ನೋಡಿದರು.

ನಾನು ದೇವೀರನ ಕಡೆಯವನು. ಅವನ ಉಪ್ಪು ತಿಂದವನು, ಅವನ ಜೊತೆ ಬೈಸಿಕೊಂಡವನು. ಆದರೂ ನನ್ನ ಕಣ್ಣಿಗೆ ಬಂದದ್ದು ಗೇಟಿನಲ್ಲಿ ಖಾಲಿ ಲೋಟ ಹಿಡಿದು ನಿಂತವಳು. ನಾನು ಹಿಂಬಾಗಿಲಿನಲ್ಲಿ ಜೋತುಬಿದ್ದು ಹೋಗುವಾಗ ಅವಳನ್ನು ದಿನವೂ ನೋಡುತ್ತಿದ್ದೆ. ದೇವೀರ ಮುಂದೆ ನೋಡಿಕೊಂಡು ಓಡಿಸುತ್ತಿದ್ದ, ಅವನಿಗೆ ಅದು ಕಂಡದ್ದೇ ಇಲ್ಲ. ಧೂಳು ಇಳಿಯುವ ತನಕ ಅವಳು ಅಲ್ಲೇ ನಿಂತಿರುತ್ತಿದ್ದಳು, ನಮ್ಮ ಬಸ್ಸು ತಿರುವು ದಾಟುವ ತನಕ. ದಿಂಬು ಹಾಕಿ ಅಂದೆ.

ದೇವೀರನಿಗೆ ಹೋಗಿ ನಾನೇ ಹೇಳಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ, ನಕ್ಕ. "ಇಷ್ಟ್ ವರ್ಷ ನನ್ ಬಸ್ಸಲ್ಲಿ ಬಿಟ್ಟಿ ತಿರುಗಿ, ಕಡೇಗೆ ಅವಳ ಕಡೆ ಸೀಟ್ ಹಿಡಿದ್ಯಲ್ಲೋ" ಅಂದ.

ಮಸ್ತಾನ್ ಬಂದು ದಿಂಬು ಕೂರಿಸಿದ. ಎಲ್ಲಾ ಮುಗಿದು ಮೊಳೆ ಹೊಡೆದ ಮೇಲೆ ಶ್ರೀಕಂಠಯ್ಯ ದಾರ ಹಿಡಿದು ಅಳೆದು ರಂಪ ಮಾಡಿದರು. ದಿಂಬು ಬೀದಿಯ ಅಗಲಕ್ಕೆ ಇರಲೇ ಇಲ್ಲ, ನಡುಮಧ್ಯದಲ್ಲಿ ಹಬ್ಬದ ಮಣೆಯ ಹಾಗೆ ಕೂತಿತ್ತು. ಮಸ್ತಾನ್ ತಲೆ ಕೆರೆದುಕೊಂಡ. ಆ ಬೀದಿಯಲ್ಲಿ ಓಡಾಡುವುದು ಆಟೋ ಮತ್ತು ಟೆಂಪೋ, ಅವುಗಳ ಚಕ್ರ ನೋಡಿಕೊಂಡು ಹೊಲಿದಿದ್ದ. ಬಸ್ಸೊಂದು ಒಂದು ಕಾಲದಲ್ಲಿ ಅಲ್ಲಿಗೆ ಬರುತ್ತಿತ್ತು ಅನ್ನುವುದು ಅವನಿಗೆ ನೆನಪೇ ಆಗಿರಲಿಲ್ಲ. ಟಾರು ಕುಡಿದ ದಿಂಬನ್ನು ಬಿಚ್ಚಿ ಹೊಲಿಯುವುದಕ್ಕೆ ಆಗುತ್ತದೆಯೇ? ಆಟೋ ನಿಧಾನ ಆಗುತ್ತೋ ಇಲ್ಲವೋ ನೋಡಿ ಸ್ವಾಮಿ ಅಂದ. ಆಯಿತು. ಟೆಂಪೋಗಳೂ ಬೈದುಕೊಳ್ಳುತ್ತಾ ಕುಂಟಿದವು. ವಿಷಯ ಅಲ್ಲಿಗೆ ಮುಗಿಯಿತು.

ಗಾಣದ ಬೀದಿಯಲ್ಲಿ ಹೊತ್ತು ಮೆಲ್ಲಗೆ ಕೂತುಕೊಂಡಿತು. ನಾನು ಹೋದಾಗಲೆಲ್ಲ ಅಲ್ಲಿ ಮಧ್ಯಾಹ್ನವೇ. ಹುಣಿಸೆ ಮರದಿಂದ ಕಳಚಿದ ಎಲೆಗಳು ಗಾಳಿಯಲ್ಲೇ ಮೇಲೆ ಕೆಳಗೆ ಆಡಿಕೊಂಡಿದ್ದವು, ನೆಲಕ್ಕೆ ಬರುವ ಅವಸರವಿರಲಿಲ್ಲ. ಕಾವಿಗೆ ಕೂತ ಕೋಳಿಗಳು ಕೂತೇ ಇದ್ದವು. ಉಪ್ಪಿನಕಾಯಿ ಕಳಿಯಲಿಲ್ಲ, ಮೊಸರಂತೂ ಆಗಲೇ ಇಲ್ಲ. ಪಕ್ಕದ ಬೀದಿಯಿಂದ ಸಾಲ ತರುತ್ತಿದ್ದರು. ದಿಂಬು ಬಿದ್ದ ದಿನ ಮುದ್ದಮ್ಮ ಹೆಪ್ಪು ಬಿಟ್ಟ ಹಾಲಿನ ಗಡಿಗೆ ಒಲೆಯ ಪಕ್ಕದಲ್ಲಿ ಹಾಲಾಗೇ ಕೂತಿತ್ತು. ಅಕ್ಕಪಕ್ಕದವರು ಗೊಣಗಿದರು, ಆದರೆ ಬಾಗಿಲ ಒಳಗೆ ಇಣುಕಿ ನೋಡಿ ಸುಮ್ಮನಾದರು. ಮುದ್ದಮ್ಮ ಗಂಡನ ತಲೆ ಬಾಚುತ್ತಿದ್ದಳು. ಅವನು ಮಾತಾಡುತ್ತಿದ್ದ. ಯಾವ ಊರಿನ ಸೇತುವೆ ಮೇಲೆ ಎಂಥಾ ಗಾಳಿ ಬೀಸುತ್ತದೆ, ಯಾವ ತಿರುವಿನಲ್ಲಿ ಹೊಂಗೆ ಹೂವು ಗಾಜಿನ ಮೇಲೆ ಉದುರುತ್ತದೆ, ಒಂದು ಸಲ ಬಸ್ಸಿನಲ್ಲೇ ಹುಟ್ಟಿದ ಕೂಸಿಗೆ ಯಾರ ಹೆಸರು ಇಟ್ಟರು. ಬಾಚಣಿಗೆ ಹಣೆಯಿಂದ ನೆತ್ತಿಗೆ ಬರುವುದರೊಳಗೆ ಅವನು ಒಂದು ಇಡೀ ರೂಟು ಮುಗಿಸುತ್ತಿದ್ದ. ಅಷ್ಟೂ ವರ್ಷ ಅವಳು ನೋಡದೇ ಇದ್ದ ಊರುಗಳನ್ನೆಲ್ಲ ಆ ಮಂಚದ ಪಕ್ಕ ಕೂತು ನೋಡಿ ಬಂದಳು. ನನಗೂ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು, ಸಾಲದ ಮೊಸರಿನದು. ನಾನು ಮಾಡಿದ್ದು ಸರಿಯಾಯಿತು ಅಂದುಕೊಂಡೆ.

ಆದರೆ ಹೊತ್ತು ನಿಂತರೆ ಬೇಕಾದ್ದು ಮಾತ್ರ ನಿಲ್ಲುವುದಿಲ್ಲವಲ್ಲ. ಕೆಮ್ಮೂ ನಿಂತಿತು. ನಿಂತಿತು ಅಂದರೆ ಬಿಟ್ಟುಹೋಗಲಿಲ್ಲ, ಹಾಗೇ ನಿಂತುಕೊಂಡಿತು. ಬೆಳಿಗ್ಗೆ ಎದೆಯಲ್ಲಿ ಎದ್ದ ಕೆಮ್ಮು ಪಕ್ಕದ ಬೀದಿಗಳಲ್ಲಿ ದೀಪ ಹಚ್ಚುವ ಹೊತ್ತಾದರೂ ಗಂಟಲು ದಾಟುತ್ತಿರಲಿಲ್ಲ. ನಾನೊಂದು ದಿನ ಹೋದಾಗ ಅವನು ಬಾಯಿ ತೆರೆದು, ಕಣ್ಣು ಕೆಂಪಗೆ ಮಾಡಿಕೊಂಡು, ಮಂಚದ ಪಟ್ಟಿ ಹಿಡಿದು ಬಾಗಿದ್ದ. ಪೇಟೆಗೆ ಹೋಗಿ, ಕೆಲಸ ಮುಗಿಸಿ, ಊಟ ಮಾಡಿ ತಿರುಗಿ ಬಂದೆ. ಹಾಗೇ ಬಾಗಿದ್ದ. ಮುದ್ದಮ್ಮ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅವನ ಕಾಲು ಮಾತ್ರ ಕ್ಲಚ್ಚು ಹುಡುಕುತ್ತಿತ್ತು. ಅವಳು ಆ ಕಾಲನ್ನೇ ನೋಡುತ್ತಿದ್ದಳು.

ಅದಾದ ಮೇಲೆ ಅವಳು ಬಸ್ ಸ್ಟ್ಯಾಂಡಿಗೆ ಬಂದಳು. ರಿಟೈರಾದ ಮೇಲೆ ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಿರುತ್ತೇನೆ, ಎಲ್ಲರಿಗೂ ಗೊತ್ತು. ಬಂದವಳು ನನ್ನ ಜೊತೆ ಮಾತಾಡಲಿಲ್ಲ. ನೇರವಾಗಿ ನಮ್ಮ ಹಳೇ ಬಸ್ಸಿನ ಮುಂದೆ ಹೋಗಿ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಹಿಡಿದು ನೋಡಿದಳು. ಸೆರಗಿನಲ್ಲಿ ಮೊದಲೇ ಒಂದು ಗಂಟು ಹಾಕಿಕೊಂಡು ಬಂದಿದ್ದಳು, ಮಸ್ತಾನ್‌ನ ದಿಂಬಿನ ಅಗಲಕ್ಕೆ. ಗಂಟು ಎರಡು ಚಕ್ರಗಳ ನಡುವೆಯೇ ಉಳಿಯಿತು.

"ಹತ್ತಲ್ಲ ಅಲ್ವಾ ಸೀಬಣ್ಣ? ದಿಂಬು ಹೊಟ್ಟೆ ಕೆಳ್ಗೇ ಉಳ್ಕೊಂತದೆ."

ಹತ್ತಲ್ಲ ಅಂದೆ. ಬಸ್ಸಿಗೆ ಆ ದಿಂಬು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವಳು ಸೆರಗಿನ ಗಂಟು ಬಿಚ್ಚಿದಳು. ಬಿಚ್ಚುವುದಕ್ಕೆ ಸ್ವಲ್ಪ ಹೊತ್ತಾಯಿತು.

"ನಾಳೆ ಮಧ್ಯಾಹ್ನ ಆ ಕಡೆ ತಿರುಗಿಸೋಕೆ ಹೇಳು. ಅವ್ರು ಓಡಿಸ್ತಿದ್ದಂಗೆ ಓಡಿಸಬೇಕು."

ಈಗಿನ ಡ್ರೈವರ್ ಲಿಂಗೋಜಿ ಸಾಧು ಮನುಷ್ಯ. ರೂಟು ತಪ್ಪಿಸುವುದಕ್ಕೆ ಮೊದಲು ಒಪ್ಪಲಿಲ್ಲ. ದೇವೀರಣ್ಣನಿಗೆ ಅಂದ ಮೇಲೆ ಒಪ್ಪಿದ. ಮಾರನೇ ದಿನ ನಾನು ಹಳೇ ಖಾಕಿ ಅಂಗಿ ಹಾಕಿಕೊಂಡು ಹಿಂಬಾಗಿಲಿನಲ್ಲಿ ನಿಂತೆ. ಗಾಣದ ಬೀದಿಗೆ ತಿರುಗಿದಾಗ ಪ್ಯಾಸೆಂಜರುಗಳು ಗೊಣಗಿದರು. ಇಳಿದು ನಡ್ಕೊಂಡು ಹೋಗಿ ಅಂದೆ. ಯಾರೂ ಇಳಿಯಲಿಲ್ಲ.

ಮಂಚವನ್ನು ಜಗಲಿಗೆ ತಂದಿಟ್ಟಿದ್ದರು. ಜುಲೇಖಾಬಿ ತಲೆಯ ಹತ್ತಿರ ಕೂತಿದ್ದಳು. ಶ್ರೀಕಂಠಯ್ಯ ಕೂಡ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಕಾನೂನಿನ ಮಾತು ಎತ್ತಲಿಲ್ಲ. ಬಸ್ಸು ಗೇಟಿನ ಹತ್ತಿರ ನಿಂತಿತು, ಇಂಜಿನ್ ಆರಿಸಲಿಲ್ಲ. ಆ ಸದ್ದು ಕೇಳಿ ದೇವೀರ ಕತ್ತು ತಿರುಗಿಸಿದ. ಮುದ್ದಮ್ಮ ಒಂದು ಲೋಟ ಮಜ್ಜಿಗೆ ತಂದು ಅವನ ತುಟಿಗೆ ಹಿಡಿದಳು. ಗಟಗಟ ಕುಡಿಯಲಿಲ್ಲ ಈ ಸಲ. ಗುಟುಕು ಗುಟುಕಾಗಿ ಕುಡಿದ. ಒಂದೊಂದು ಗುಟುಕಿಗೂ ಅವಳ ಮುಖ ನೋಡಿದ. ಹುಣಿಸೆ ಎಲೆಗಳು ಗಾಳಿಯಲ್ಲೇ ಇದ್ದವು. ಬಸ್ಸಿನೊಳಗೆ ಅಳುತ್ತಿದ್ದ ಮಗು ಕೂಡ ಸುಮ್ಮನಾಯಿತು. ಎಷ್ಟು ಹೊತ್ತು ಅಂತ ನಾನು ಹೇಳಲಾರೆ. ಆ ಬೀದಿಯ ಹೊತ್ತು ನನಗೆ ಅಂಟುವಂಥದ್ದಲ್ಲ, ಆವತ್ತು ಮಾತ್ರ ಅಂಟಿತ್ತು.

ಲೋಟ ಖಾಲಿಯಾಯಿತು. ಅವಳು ತೆಗೆದುಕೊಂಡಳು. ಅವನು ಸುಮ್ಮನೆ ಮಲಗಿದ್ದ, ಹಿಂದೆ ಸೀಟಿನಲ್ಲಿ ಸುಮ್ಮನೆ ಕೂತಿರುತ್ತಿದ್ದ ಹಾಗೇ, ಕಾಯುತ್ತಾ. ಅಭ್ಯಾಸ ನೋಡಿ, ನನ್ನ ಬಾಯಿಗೂ ಬಂದಿತ್ತು. ನಾನು ಹಲ್ಲು ಕಚ್ಚಿಕೊಂಡೆ. ಮುದ್ದಮ್ಮ ಗೇಟು ದಾಟಿ ಬಂದಳು. ಬಸ್ಸಿನ ತಗಡಿನ ಮೇಲೆ ಅಂಗೈ ಇಟ್ಟಳು, ತಟ್ಟದೆ ಹಾಗೇ ಇಟ್ಟುಕೊಂಡಿದ್ದಳು. ಆಮೇಲೆ ತಟ್ಟಿದಳು.

"ರೈಟ್" ಅಂದಳು.

ಲಿಂಗೋಜಿ ಬಿಟ್ಟ. ಬಸ್ಸು ದಿಂಬನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು, ಒಂದಿಷ್ಟೂ ತಗ್ಗದೆ, ಹಳೇ ಹುಮ್ಮಸ್ಸಿನಲ್ಲಿ ಹಾರಿಹೋಯಿತು. ನಾನು ಜೋತುಬಿದ್ದು ಹಿಂದೆ ತಿರುಗಿ ನೋಡಿದೆ. ಹುಣಿಸೆ ಎಲೆಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಯಾರದೋ ಹಿತ್ತಲಿನಲ್ಲಿ ಕೋಳಿಮರಿಗಳು ಚಿಲಿಪಿಲಿ ಶುರು ಮಾಡಿದವು. ಧೂಳಿನ ನಡುವೆ ಅವಳು ಲೋಟ ಹಿಡಿದು ನಿಂತಿದ್ದಳು, ಆದರೆ ಈ ಸಲ ಬಸ್ಸಿನ ಕಡೆ ಮುಖ ಮಾಡಿರಲಿಲ್ಲ. ಜಗಲಿಯ ಕಡೆ ತಿರುಗಿದ್ದಳು.

ನಾನು ತಿರುವಿನಲ್ಲಿ ಇಳಿದು ಓಡಿಬರುವ ಹೊತ್ತಿಗೆ ಕೆಮ್ಮು ಮುಗಿದಿತ್ತು. ಅವನ ಕಾಲು ಕ್ಲಚ್ಚು ಬಿಟ್ಟು ನೆಟ್ಟಗೆ ಮಲಗಿತ್ತು. ಜುಲೇಖಾಬಿ ಅವನ ಕಣ್ಣು ಮುಚ್ಚಿದಳು.

ದಿಂಬು ತೆಗೆಸಬೇಕಾ ಅಂತ ಶ್ರೀಕಂಠಯ್ಯ ಆಮೇಲೊಂದು ದಿನ ಮೆಲ್ಲಗೆ ಕೇಳಿದರು. ಇರಲಿ ಬಿಡಿ ಅಂದಳಂತೆ ಮುದ್ದಮ್ಮ, ನಮ್ಮವರು ಹೇಳಿದ ಊರುಗಳನ್ನೆಲ್ಲ ಇನ್ನೊಂದು ಸಲ ನೆನೆಸಿಕೊಳ್ಳಬೇಕು. ಆದರೆ ಅದು ಆಮೇಲಿನ ಮಾತು. ಆವತ್ತು ಬೀದಿಯವರೆಲ್ಲ ಬಂದು ಜಗಲಿಯ ಸುತ್ತ ಕೂತಾಗ ಮುದ್ದಮ್ಮ ಒಳಗೆ ಹೋಗಿ, ದಿಂಬು ಬಿದ್ದ ದಿನ ಹೆಪ್ಪು ಬಿಟ್ಟಿದ್ದ ಗಡಿಗೆ ನೋಡಿದಳು. ಗಟ್ಟಿ ಮೊಸರಾಗಿತ್ತು. ಸಾವಿನ ಮನೆಯಲ್ಲಿ ಹೀಗೆ ಮಾಡುವ ಪದ್ಧತಿ ಇಲ್ಲ, ಯಾರೂ ತಡೆಯಲೂ ಇಲ್ಲ. ಅವಳು ಅದನ್ನು ಕಡೆದು, ಉಪ್ಪು ಹಾಕಿ, ಬಂದವರಿಗೆಲ್ಲ ಒಂದೊಂದು ಲೋಟ ಕೊಟ್ಟಳು. ಹೊರಗೆ ಟೆಂಪೋವೊಂದು ದಿಂಬು ಹತ್ತಿ ಇಳಿದು ಮೆಲ್ಲಗೆ ಹೋಯಿತು. ನಾವು ಯಾರೂ ಅವಸರ ಮಾಡಿ ಕುಡಿಯಲಿಲ್ಲ.